ಕರಡಿಗೆ ಸಿಗದ ಬಾಟಲಿ

"ಇದರಲ್ಲೇನಿದೆ?" ಎಂದು ಅವಳು ಸುತ್ತಿಟ್ಟ ಸ್ವೆಟರ್ ಮುಟ್ಟಿ ಕೇಳಿದಾಗ, ಅವನು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ.

"ಬಟ್ಟೆ."

ಸುಳ್ಳು ಹೇಳುವವನಿಗೆ ಅಷ್ಟು ತಿಳಿಯಾದ ಕಣ್ಣು ಇರಬಾರದಿತ್ತು. ಅವಳು ನಂಬಿಬಿಟ್ಟಳು.

ಕಾಡಿನ ಬಾಯಲ್ಲಿದ್ದ ಆ ಚೆಕ್‌ಪೋಸ್ಟಿನಲ್ಲಿ ಅವಳು ಆರು ವರ್ಷದಿಂದ ಗಾರ್ಡ್. ಬೆನ್ನಿಗೆ ಬ್ಯಾಗು ಏರಿಸಿ, ಮೂರು ದಿನ ನಡೆದು ಬೆಟ್ಟದ ನೆತ್ತಿ ದಾಟುವವರೆಲ್ಲ ಅವಳ ಮೇಜಿನ ಮುಂದೆ ನಿಲ್ಲಲೇಬೇಕು. ತಿಂಡಿಯಿಂದ ಹಿಡಿದು ಟೂತ್‌ಪೇಸ್ಟಿನವರೆಗೆ ವಾಸನೆ ಬರುವುದನ್ನೆಲ್ಲ ಅವಳು ಕೊಡುವ ಕಪ್ಪು ಡಬ್ಬಿಗೆ ತುಂಬಬೇಕು. ಕತ್ತಲಾಗುವ ಮೊದಲು ಅದನ್ನು ಟೆಂಟಿನಿಂದ ನೂರು ಹೆಜ್ಜೆ ದೂರ ಇಡಬೇಕು. ಕರಡಿ ಮೇಲೆ ಕುಣಿದರೂ ಒಡೆಯದ ಡಬ್ಬಿ ಅದು.

ಅವನದು ಬೀಗ ರಿಪೇರಿಯ ಅಂಗಡಿ. ಡಬ್ಬಿ ಕೈಗೆ ಬಂದದ್ದೇ ತಡ, ಜೇಬಿನಿಂದ ನಾಣ್ಯ ತೆಗೆದು ಮುಚ್ಚಳದ ತಿರುಪಿಗೆ ಸಿಕ್ಕಿಸಿ ಟಕ್ಕನೆ ತೆರೆದ.

"ಕರಡಿಗಿಂತ ನಾನೇ ವಾಸಿ, ಅಲ್ವಾ ಮೇಡಂ?"

"ವಾಸಿ ಏನಲ್ಲ. ಕರಡಿ ಇಷ್ಟು ಮಾತಾಡಲ್ಲ."

ಅವನ ಜೊತೆ ಬಂದಿದ್ದ ಅಕ್ಕನ ಗಂಡ ಹೊಟ್ಟೆ ಕುಲುಕಿಸಿ ನಕ್ಕ. ದುಂಡಗಿನ ಮನುಷ್ಯ, ಬೇಕರಿ ನಡೆಸುವವನು. "ಕೇಳಿಸ್ಕೊಂಡ್ಯಾ ಭಾಮೈದ? ನಿನ್ನ ಬಾಯಿಗೂ ಒಬ್ಬರು ಬೀಗ ಹಾಕೋರು ಸಿಕ್ಕಿದ್ರು!"

ಅವನು ಅವಳತ್ತ ನೋಡಿದ. ಅವಳು ರಿಜಿಸ್ಟರ್ ನೋಡುತ್ತಿದ್ದಳು. ಆದರೆ ತುಟಿಯ ಒಂದು ಮೂಲೆ ಮಾತು ಕೇಳಲಿಲ್ಲ, ಮೇಲಕ್ಕೆ ಹೋಯಿತು.

ಮರುದಿನ ಮಧ್ಯಾಹ್ನ ಅವಳು ಗಸ್ತಿಗೆಂದು ಮೇಲಿನ ಬಿಡಾರಕ್ಕೆ ಬಂದಳು. ಡಬ್ಬಿಯನ್ನು ದೂರದಲ್ಲೇ, ಸಮತಟ್ಟಾದ ಜಾಗದಲ್ಲೇ ಇಟ್ಟಿದ್ದರು. ಭಲೇ ಎಂದುಕೊಂಡಳು. ಆಮೇಲೆ ಟೆಂಟಿನ ಪಕ್ಕದ ತೊರೆಯಲ್ಲಿ ದಾರವೊಂದು ಕಂಡಿತು. ಎಳೆದಳು. ತಣ್ಣಗೆ ನೀರು ಸುರಿಸುತ್ತ ಗಾಜಿನ ಬಾಟಲಿ ಮೇಲೆ ಬಂತು. ಒಳಗೆ ಕಡುಗೆಂಪು ವೈನ್.

"ಬಟ್ಟೆ ನೆನೆಸಿದ್ದೀರಾ?"

ಭಾವ ಏನೋ ಹೇಳಲು ಹೊರಟ. ಬೀಗದವನು ಅಡ್ಡ ಬಂದ. "ನನ್ನದು ಮೇಡಂ. ಸೀಲ್ ಮಾಡಿದೆ, ವಾಸನೆ ಬರಲ್ಲ ಅಂತ..."

"ನಿಮ್ಮ ಮೂಗಿಗೆ ಬರಲ್ಲ." ಅವಳ ದನಿ ಏರಲಿಲ್ಲ, ಅದರಿಂದಲೇ ಅವನಿಗೆ ಹೆದರಿಕೆಯಾಯಿತು. "ಎರಡು ವರ್ಷದ ಹಿಂದೆ ಇಲ್ಲೊಂದು ಹೆಣ್ಣು ಕರಡಿ ಇತ್ತು. ಎದೆ ಮೇಲೆ ನಡುವೆ ತುಂಡಾದ ಬಿಳಿ ಪಟ್ಟೆ, ಜೊತೆಗೆ ಅಂಥದೇ ಪಟ್ಟೆಯ ಒಂದು ಮರಿ. ಯಾರೋ ಟೆಂಟಲ್ಲಿ ಬಿಯರ್ ಇಟ್ಟು ಮಲಗಿದ್ರು. ರುಚಿ ಸಿಕ್ತು. ಆಮೇಲೆ ಅದು ಟೆಂಟ್ ಕಂಡ ಕಡೆಯೆಲ್ಲ ಬರೋಕೆ ಶುರು ಮಾಡ್ತು. ಮೂರನೇ ಸಲ ಮೇಲಿಂದ ಆರ್ಡರ್ ಬಂತು. ಗುಂಡು ಹೊಡೆಯೋರಿಗೆ ದಾರಿ ತೋರಿಸಿದ್ದು ನಾನು."

ಅವನು ತಲೆ ತಗ್ಗಿಸಿದ.

ಭಾವನಿಗೆ ತಡೆಯಲಾಗಲಿಲ್ಲ. "ಮೇಡಂ, ಬೈಯೋದಾದ್ರೆ ನನಗೆ ಬೈಯಿರಿ. ಬಾಟಲಿ ನನ್ನದು. ಇವನ ಅಕ್ಕ ನೆತ್ತಿಯ ಆಚೆ ಊರಲ್ಲಿ ಡಾಕ್ಟರು. ಇದೇ ದಾರೀಲಿ ನಡೆದು ಹೋಗಿ 'ನನ್ನ ಮದುವೆಯಾಗ್ತೀಯಾ' ಅಂತ ಕೇಳಿದ್ದೆ. ಈಗ ಇಪ್ಪತ್ತು ವರ್ಷ ಆಯ್ತು. ಅವಳಿಗೆ ಅಂತಲೇ ನಮ್ಮ ಹಿತ್ತಲ ಪ್ಲಮ್ ಹಣ್ಣಿಂದ ಮಾಡಿದ್ದು."

ಅವಳು ಬೀಗದವನತ್ತ ತಿರುಗಿದಳು. "ಹಾಗಾದ್ರೆ ನೀವ್ಯಾಕೆ ಸುಳ್ಳು ಹೇಳಿದ್ರಿ?"

"ಕಿತ್ಕೋತೀರಿ ಅಂದ್ಕೊಂಡೆ. ಭಾವನ ಮುಖ ನೋಡೋಕೆ ಆಗ್ತಿರಲಿಲ್ಲ. ತಪ್ಪಾಯ್ತು. ಸುರಿದುಬಿಡ್ತೀನಿ."

"ಎಲ್ಲಿಗೆ, ನೆಲಕ್ಕಾ? ಇಡೀ ಕಾಡಿಗೆ ಎಲೆ ಹಾಕಿ ಬಡಿಸಿದ ಹಾಗಾಗುತ್ತೆ." ಅವಳು ತನ್ನ ಡಬ್ಬಿಯ ಮುಚ್ಚಳ ತೆರೆದಳು. "ವೈನ್ ತರಬಾರದು ಅಂತ ಯಾರೂ ಹೇಳಿಲ್ಲ. ಡಬ್ಬಿಯೊಳಗೆ ಇರಬೇಕು, ಅಷ್ಟೇ. ಕೇಳಿದ್ರೆ ಅವತ್ತೇ ಜಾಗ ಮಾಡಿಕೊಡ್ತಿದ್ದೆ."

ಬಾಟಲಿಯನ್ನು ಚೆನ್ನಾಗಿ ಒರೆಸಿ, ತನ್ನ ಉಣ್ಣೆಯ ಕಾಲುಚೀಲದೊಳಗೆ ತೂರಿಸಿ, ಅತ್ತಿತ್ತ ಅಲುಗಾಡದಂತೆ ಅಕ್ಕಿಯ ಪೊಟ್ಟಣಗಳ ನಡುವೆ ನಿಲ್ಲಿಸಿದಳು. ಅವನು ಎದುರಿಗೆ ಮಂಡಿಯೂರಿ ಪೊಟ್ಟಣ ಒಂದೊಂದಾಗಿ ಕೊಟ್ಟ. ಕೊನೆಯದನ್ನು ಕೊಟ್ಟಾಗ ಬೆರಳಿಗೆ ಬೆರಳು ತಾಗಿತು. ಕೈ ಹಿಂತೆಗೆಯಬೇಕೆಂದು ಇಬ್ಬರಿಗೂ ತಕ್ಷಣ ಹೊಳೆಯಲಿಲ್ಲ.

"ನಾಳೆ ನೆತ್ತಿಯವರೆಗೂ ನನ್ನ ಗಸ್ತು ಇದೆ. ಇದನ್ನ ನಾನೇ ಹೊತ್ತು ತರ್ತೀನಿ" ಎಂದಳು.

"ನಂಬಿಕೆ ಇಲ್ವಾ?"

"ಬಾಟಲಿ ಮೇಲೆ ನಂಬಿಕೆ ಇದೆ."

ರಾತ್ರಿ ಬಿಡಾರದಲ್ಲೇ ತಂಗಿದ್ದ ಅವಳು ಬೆಳಕು ಹರಿಯುವ ಹೊತ್ತಿಗೆ ಅವನನ್ನು ಎಬ್ಬಿಸಿದಳು. ಮಾತಾಡಬೇಡ ಎಂದು ಸನ್ನೆ ಮಾಡಿ ಬಂಡೆಯ ಹಿಂದೆ ಕೂರಿಸಿದಳು. ಕೆಳಗೆ, ಡಬ್ಬಿಗಳಿದ್ದ ಜಾಗದಲ್ಲಿ ಎಳೆ ಪ್ರಾಯದ ಕರಡಿಯೊಂದು ನಿಂತಿತ್ತು. ಮೂಸಿತು. ಅವಳ ಡಬ್ಬಿಯನ್ನು ಉರುಳಿಸಿತು, ಪಂಜದಿಂದ ಹೊಡೆಯಿತು, ಮೇಲೆ ಹತ್ತಿ ಜಾರಿಬಿತ್ತು. ಬೇಸರದಿಂದ ಹಿಂಗಾಲಲ್ಲಿ ಎದ್ದು ನಿಂತಾಗ ಎದೆಯ ಮೇಲಿನ ತುಂಡಾದ ಬಿಳಿ ಪಟ್ಟೆ ಕಂಡಿತು.

ಅವಳ ಕೈ ಅವನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ತಾನು ಹಿಡಿದಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಆ ಮರಿಯಾ?" ಅವನು ಉಸಿರಿನಲ್ಲೇ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

ಕರಡಿ ಇನ್ನೊಮ್ಮೆ ಡಬ್ಬಿಗೆ ಒದ್ದು, ಇದರಲ್ಲೇನೂ ಹುರುಳಿಲ್ಲವೆಂಬಂತೆ ಮೈ ಕೊಡವಿ, ಕಾಡುಹಣ್ಣಿನ ಪೊದೆಗಳತ್ತ ನಡೆಯಿತು. ಒಮ್ಮೆಯೂ ಟೆಂಟಿನ ಕಡೆ ತಿರುಗಲಿಲ್ಲ.

"ತಾಯಿ ಚಾಳಿ ಕಲೀಲಿಲ್ಲ," ಎಂದಳು. ನಗುತ್ತಲೇ ಇದ್ದಳು, ಕೆನ್ನೆ ಒದ್ದೆಯಾಗಿತ್ತು. "ನೋಡಿದ್ರಾ? ಏನೂ ಸಿಗದೆ ಹೋಯ್ತು."

ತನ್ನನ್ನು ಹಿಡಿದಿದ್ದ ಅವಳ ಕೈಯ ಮೇಲೆ ಅವನು ತನ್ನ ಇನ್ನೊಂದು ಕೈ ಇಟ್ಟ.

ನೆತ್ತಿಯವರೆಗಿನ ದಾರಿಯಲ್ಲಿ ಭಾವ ಬೇಕೆಂದೇ ಹಿಂದೆ ಉಳಿದ. "ಮಂಡಿ ನೋವು" ಎಂದ. ಹಿಂದಿನ ದಿನ ಅದೇ ಮಂಡಿ ಆಡಿನಂತೆ ಬಂಡೆ ಹತ್ತಿದ್ದನ್ನು ನೋಡಿದವರು ಯಾರೂ ಬಾಯಿ ಬಿಡಲಿಲ್ಲ. ಇಬ್ಬರೂ ಮಾತಾಡುತ್ತ ನಡೆದರು. ಕೀಲಿ ಕಳೆದುಕೊಂಡು ಅಂಗಡಿಗೆ ಬರುವವರ ಕಥೆಗೆ ಅವಳು ಬಿದ್ದು ಬಿದ್ದು ನಕ್ಕಳು. ಅವಳು ಹಕ್ಕಿಯ ದನಿ ಗುರುತಿಸಿ ಹೇಳಿದಾಗ ಅವನು ಹಕ್ಕಿಯನ್ನು ಬಿಟ್ಟು ಅವಳನ್ನೇ ನೋಡಿದ.

"ಹಕ್ಕಿ ಅಲ್ಲಿದೆ," ಎಂದಳು.

"ಗೊತ್ತು."

ನೆತ್ತಿಯ ಮೇಲೆ ಗಾಳಿ ಜೋರಾಗಿತ್ತು. ಅಲ್ಲಿಗೆ ಅವಳ ಗಡಿ ಮುಗಿಯಿತು. ಬಾಟಲಿ ತೆಗೆದು ಭಾವನ ಕೈಗಿತ್ತಳು. "ಅಕ್ಕನಿಗೆ ನನ್ನ ನಮಸ್ಕಾರ ಹೇಳಿ."

ಭಾವ ಬಾಟಲಿಯನ್ನು ಎದೆಗವಚಿಕೊಂಡು ಇಳಿಯತೊಡಗಿದ. ಬೀಗದವನು ನಿಂತೇ ಇದ್ದ.

"ಮೂರು ದಿನದಲ್ಲಿ ಎರಡು ಸುಳ್ಳು ಹೇಳಿದೀನಿ," ಎಂದ. "ಇದು ನಿಜ. ನನಗೆ ನೀವು ತುಂಬಾ ಇಷ್ಟವಾಗಿದ್ದೀರಿ. ಭಾವ ಬಸ್ಸಲ್ಲಿ ವಾಪಸ್ ಹೋಗ್ತಾರೆ. ನಾನು ಇದೇ ದಾರೀಲಿ ಬರ್ತೀನಿ."

"ಒಬ್ಬರನ್ನೇ ಬಿಡಲ್ಲ. ಕರಡಿ ಕಾಡು."

ಅವನ ಮುಖ ಸಪ್ಪಗಾಯಿತು. ಅವಳು ಅದನ್ನು ಒಂದು ಗಳಿಗೆ ಮನಸಾರೆ ನೋಡಿದಳು.

"ಗುರುವಾರದಿಂದ ಎರಡು ದಿನ ನನಗೆ ರಜೆ," ಎಂದಳು. "ಇಲ್ಲಿಗೇ ಬರ್ತೀನಿ. ಜೊತೆಗೆ ಇಳಿಯೋಣ. ನನಗೂ ಇಷ್ಟ ರೀ, ಇಲ್ಲದಿದ್ರೆ ರಜೆ ದಿನ ಬೆಟ್ಟ ಹತ್ತೋಕೆ ನನಗೇನು ಹುಚ್ಚಾ?"

ಹಿಂದಿನ ರಾತ್ರಿ ಮೇಲಿನ ಬಿಡಾರದಲ್ಲಿ ತಂಗಿ, ಗುರುವಾರ ಬೆಳಿಗ್ಗೆ, ಮಾತು ಕೊಟ್ಟ ಹೊತ್ತಿಗಿಂತ ಒಂದು ಗಂಟೆ ಮೊದಲೇ ಅವಳು ನೆತ್ತಿ ತಲುಪಿದಳು. ಅವನು ಆಗಲೇ ಬಂಡೆಯ ಮೇಲೆ ಕುಳಿತು, ಅವಳು ಹತ್ತಿ ಬರುವ ದಾರಿಯನ್ನೇ ನೋಡುತ್ತಿದ್ದ.