ಎರಡನೇ ಸಲ ಕೊರೆದ ಮಣ್ಣು

“ಪೈಲ್ ಹಾಕೋಣ ಮೇಡಂ. ಇವರು ಹೇಳೋದೇ ಸರಿ.”

ಗುತ್ತಿಗೆದಾರ ಹಾಗೆಂದು, ಮಣ್ಣು ಪರೀಕ್ಷೆಗೆ ಬಂದಿದ್ದ ಹುಡುಗಿಯ ಕಡೆ ತಿರುಗಿ ನಕ್ಕ. ಅಡಿಪಾಯದ ನಕ್ಷೆ ಬರೆದ ಎಂಜಿನಿಯರ್‌ಗೆ ಮೈಯೆಲ್ಲ ಉರಿದುಹೋಯಿತು. ಸೈಟಿನಲ್ಲಿ ಎಲ್ಲರೂ ಅವಳನ್ನು ಖಾರದ ಮೇಡಂ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಇಷ್ಟು ದಿನ ಅವಳ ಒಂದು ಗೆರೆಯನ್ನೂ ಪ್ರಶ್ನಿಸದವನು... ಊಟ ಮರೆತರೆ ನೆನಪಿಸುತ್ತಿದ್ದವನು... ಅವನಾಗಿ ಬಾಯಿಬಿಡಲಿ ಎಂದು ಅವಳು ಕಾಯುತ್ತಿದ್ದರೆ, ನಿನ್ನೆ ಮೊನ್ನೆ ಬಂದವಳಿಗೆ ತಾಳ ಹಾಕುತ್ತಿದ್ದಾನೆ!

ನಾಲ್ಕು ಮಹಡಿಯ ಹುಡುಗಿಯರ ಹಾಸ್ಟೆಲಿಗೆ ರಾಫ್ಟ್ ಸಾಕು ಎಂಬುದು ಅವಳ ವಾದ. ಇಡೀ ಕಟ್ಟಡದಡಿ ಒಂದೇ ದಪ್ಪ ಕಾಂಕ್ರೀಟ್ ಹಾಸು. ಖರ್ಚು ಪೈಲಿನ ಅರ್ಧ. ಮಣ್ಣು ಒಂದು ಕಡೆ ಕುಸಿದರೆ ಗೋಡೆ ಸೀಳುತ್ತದೆ, ಗಟ್ಟಿ ನೆಲದವರೆಗೆ ಕಂಬ ಇಳಿಸುವ ಪೈಲೇ ಕ್ಷೇಮ ಎಂದಳು ಆ ಹುಡುಗಿ. ಅದೂ ಎಷ್ಟು ಮೆತ್ತಗೆ!

ರಾಫ್ಟೇ ಎಂದು ಹೇಳಿ ಖಾರದ ಮೇಡಂ ಎದ್ದು ಹೋದಳು.

ಮರುದಿನ ಅವಳು ನಕ್ಷೆ ತಿದ್ದುತ್ತಿದ್ದಾಗ, ಕಿಟಕಿಯಾಚೆ ಮತ್ತೆ ತರಿಸಿದ್ದ ಕೊರೆಯುವ ಯಂತ್ರದ ಪಕ್ಕ ಅವರಿಬ್ಬರೂ ಮತ್ತೆ ನಗುತ್ತಿದ್ದರು. ಪೆನ್ಸಿಲ್ ಒತ್ತಿದ ರಭಸಕ್ಕೆ ಕಾಗದವೇ ಹರಿಯಿತು.

ಹರಿದ ಜಾಗವನ್ನೇ ನೋಡುತ್ತ ಕುಳಿತಳು. ರಾಫ್ಟ್ ಎಂದು ಹಟ ಹಿಡಿದದ್ದು ಮಣ್ಣು ನೋಡಿಯೋ, ಹೊಟ್ಟೆಕಿಚ್ಚಿಗೋ? ನಾಳೆ ಅಲ್ಲಿ ಮಲಗುವ ಹುಡುಗಿಯರು ಏನು ತಪ್ಪು ಮಾಡಿದ್ದಾರೆ?

ಕೆಳಗಿಳಿದು ಹೋಗಿ, ಕೊರೆದು ತೆಗೆದ ಮಣ್ಣನ್ನು ಬೆರಳಲ್ಲಿ ಒಡೆದು ನೋಡಿದಳು. ಅಷ್ಟು ಆಳದಲ್ಲೂ ಹೆಂಚಿನ ಚೂರು, ಕೊಳೆತ ಬಟ್ಟೆ. ಯಾವುದೋ ಹಳೆಯ ಹಳ್ಳವನ್ನು ಕಸ ತುಂಬಿ ಮುಚ್ಚಿದ್ದರು.

“ಪೈಲೇ ಹಾಕೋಣ. ತಪ್ಪು ನನ್ನದೇ,” ಎಂದಳು. ಹುಡುಗಿ ತಲೆಯಾಡಿಸಿ ಯಂತ್ರದ ಕಡೆ ಹೋದಳು.

ಒಮ್ಮೆ ಕೊರೆದಾಗಿತ್ತಲ್ಲ, ಮತ್ತೆ ಯಾಕೆ ಎಂದು ಗುತ್ತಿಗೆದಾರನನ್ನು ಕೇಳಿದಳು.

“ಬರೀ ಮಾತಿಗೆ ನೀವು ಬಗ್ಗಲ್ಲ, ಅದಕ್ಕೇ ಮತ್ತೆ ಕೊರೆಸಿದೆ. ಗೋಡೆ ಬಿರುಕು ಬಿಟ್ರೆ ಎಲ್ಲರೂ ಬೆರಳು ತೋರಿಸೋದು ನಿಮ್ಮ ಕಡೆಗೇ. ಅದನ್ನ ನಾನು ನೋಡ್ಕೊಂಡಿರಲಾರೆ.”

“ನೀವಿಬ್ಬರೂ ನಗೋದು ನೋಡಿ ನನಗೆ ಹೊಟ್ಟೆ ಉರೀತು...” ಎಂದಳು ಅವಳು.

ಅವನು ಬಾಯಿ ತೆರೆಯುವ ಮೊದಲೇ ಹುಡುಗಿ ಅಲ್ಲಿಂದ ಕೂಗಿದಳು. “ಅಣ್ಣಾ, ಅತ್ತಿಗೆ ಹತ್ರ ಹೇಳಿದ್ರಾ, ಇಲ್ಲ ನಾನೇ ಬಂದು ಹೇಳ್ಲಾ?”

ಅತ್ತಿಗೆ...! ಅವರಿಬ್ಬರ ನಗುವೆಲ್ಲ ತನ್ನದೇ ವಿಷಯಕ್ಕೆ ಎಂದು ಅವಳಿಗೆ ಆಗ ತಿಳಿಯಿತು.

ಅವನ ಮುಖ ಕೆಂಪಾಗಿತ್ತು. “ಧೈರ್ಯ ಬಂದಿರಲಿಲ್ಲ... ನನ್ನನ್ನ ಮದುವೆ ಆಗ್ತೀರಾ?”

ಅವಳು ಮಣ್ಣಾದ ಕೈಯಲ್ಲೇ ಕಣ್ಣೊರೆಸಿಕೊಂಡಳು.

“ಮೊದಲು ಅವಳಿಗೆ ಹೇಳಿ ಬನ್ನಿ... ಅತ್ತಿಗೆ ಒಪ್ಪಿದ್ರು ಅಂತ.”