ನೆಟ್ಟಗಿದ್ದ ಬಲಗೈ

ದರ್ಜಿಯ ಮೈಯಲ್ಲಿ ಕೆಡದೆ ಉಳಿದದ್ದು ಕೈಗಳೆರಡೇ. ಕೊನೆಗೆ ಬಲಗೈಯನ್ನೂ ಕೆಡಿಸಬೇಕಾಗಿ ಬಂದದ್ದಕ್ಕೆ ಅವನು ಮನಸ್ಸಿನಲ್ಲೇ ಶಪಿಸಿದ್ದು ಪಿಂಚಣಿ ಕಚೇರಿಯ ಗುಮಾಸ್ತನನ್ನು.

ಹಾಗೆ ನೋಡಿದರೆ ಗುಮಾಸ್ತ ಒರಟನೇನಲ್ಲ. ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ಮಗುಚಿ, ತಾಳ್ಮೆಯಿಂದಲೇ ನೋಡಿದ್ದ. ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಮರಗಟ್ಟಿದ್ದವು. ಎಡಗಣ್ಣಿಗೆ ಮಂಜು ಕವಿದಿತ್ತು. ಮಂಡಿ ಮಡಚಿದರೆ ಮತ್ತೆ ಎದ್ದು ನಿಲ್ಲಲು ಗೋಡೆಯ ಆಸರೆ ಬೇಕು. ಮೆಟ್ಟಿಲು ಹತ್ತಿದರೆ ಎದೆ ತಿದಿ ಒತ್ತಿದಂತೆ ಏರಿಳಿಯುತ್ತಿತ್ತು.

"ನಿಮಗೆ ಎಲ್ಲಾ ಇದೆ. ಆದ್ರೆ ಒಂದೂ ಪೂರ್ತಿ ಇಲ್ಲ" ಎಂದ ಗುಮಾಸ್ತ. "ಒಂದೊಂದು ಕಾಯಿಲೇನೂ ಬೇರೆ ಬೇರೆ ಅಳೀತಾರೆ. ನಿಮ್ದು ಯಾವ್ದೂ ಗೆರೆ ಮುಟ್ಟಿಲ್ಲ."

"ಎಲ್ಲಾನೂ ಹೊತ್ಕೊಂಡಿರೋ ಮೈ ಒಂದೇ ಅಲ್ವಾ ಸ್ವಾಮಿ?"

"ಅದಕ್ಕೆ ನಾನೇನ್ ಮಾಡ್ಲಿ ಹೇಳಿ? ಯಾವುದಾದ್ರೂ ಒಂದು ಪೂರ್ತಿ ಹೋಗಿದ್ದಿದ್ರೆ ಕೆಲಸ ಆಗ್ತಿತ್ತು. ಒಂದು ಕೈಯೋ, ಒಂದು ಕಾಲೋ." ನಿಮ್ಮ ಅಳತೆಯ ಚಪ್ಪಲಿ ಮುಗಿದುಹೋಗಿದೆ ಎನ್ನುವ ಅಂಗಡಿಯವನ ದನಿ ಅವನದು.

ದರ್ಜಿ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಬಂದ.

ಅವನಿಗೆ ಪಿಂಚಣಿ ಬೇಕಾಗಿದ್ದದ್ದು ಹೆಂಡತಿಯನ್ನು ಮನೆಗೆ ಕರೆಸಿಕೊಳ್ಳಲು. ಕಣ್ಣು ಮಂಜಾಗಿ, ಪೆಡಲು ತುಳಿಯುವ ಕಾಲಿಗೆ ಪೆಡಲು ಇರುವುದೇ ತಿಳಿಯದಂತಾಗಿ, ಹೊಲಿಗೆ ಸೊಟ್ಟಗಾಗತೊಡಗಿದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಅಂಗಡಿ ಮುಚ್ಚಿತು. ಹೆಂಡತಿ ಬೇರೆ ಊರಿನಲ್ಲಿ, ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಅಲ್ಲೇ ಉಳಿದಳು. ಅವಳು ಇದ್ದಾಗ ದಿನಾ ಸಂಜೆ ಅವನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದು ಸಂದೂ ನೋಡುತ್ತಿದ್ದಳು. ಮರಗಟ್ಟಿದ ಕಾಲಿಗೆ ಗಾಯವಾದರೆ ಗೊತ್ತಾಗುವುದಿಲ್ಲ, ಕೀವಾಗಿ ಕೊಳೆತರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಅವಳನ್ನು ಹೆದರಿಸಿಟ್ಟಿದ್ದರು. ಈಗ ಅವಳು ಯಾರದೋ ಕಾಲು ಒತ್ತುತ್ತಿದ್ದಳು. ತನ್ನ ಪಾದ ತಾನೇ ಬಗ್ಗಿ ನೋಡಲು ಅವನ ಮಂಡಿ ಬಿಡದು, ಬಗ್ಗಿದರೂ ಕಣ್ಣಿಗೆ ಕಾಣದು. ಇದು ಯಾವ ನ್ಯಾಯ ಎಂದು ಅವನು ಯೋಚಿಸಿದಷ್ಟೂ ಮೈ ಉರಿಯುತ್ತಿತ್ತು. ಸರಕಾರಕ್ಕೆ ಒಂದು ಪೂರ್ತಿ ಕೆಟ್ಟ ಅಂಗ ಬೇಕು ತಾನೆ? ಕೊಟ್ಟರಾಯಿತು.

ಕಾಲು ಬೇಡವೆಂದು ಮೊದಲೇ ತೀರ್ಮಾನಿಸಿದ. ನಿಜವಾಗಿ ಕೆಟ್ಟದ್ದರ ಪಕ್ಕದಲ್ಲಿ ಸುಳ್ಳು ಕೆಟ್ಟದ್ದನ್ನು ಇಟ್ಟರೆ ಎರಡೂ ಬೆರೆತು ಗೋಜಲಾಗುತ್ತದೆ. ಕೈಯೇ ಸರಿ, ಅದೂ ಬಲಗೈ. ಬದುಕೆಲ್ಲ ದುಡಿದ ಕೈಯೇ ಹೋಯಿತೆಂದರೆ ಕಲ್ಲೂ ಕರಗಬೇಕು.

ಮಾದರಿ ಅವನ ಕಣ್ಣ ಮುಂದೆಯೇ ಇತ್ತು. ಹಿಂದೆ ಒಬ್ಬ ಮೇಷ್ಟ್ರಿಗೆ ಅಂಗಿ ಹೊಲಿಯುತ್ತಿದ್ದ. ಪಾಪ, ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಒಂದು ಕೈ ಲಕ್ವ ಹೊಡೆದು ನೇತುಬಿದ್ದಿತ್ತು. ಆ ಭುಜ ಎಷ್ಟು ಇಳಿದಿತ್ತು, ತೋಳನ್ನು ಎಷ್ಟು ಉದ್ದ ಬಿಡಬೇಕಿತ್ತು, ಬೆರಳುಗಳು ಹೆಬ್ಬೆರಳನ್ನು ಹೇಗೆ ಮುಚ್ಚಿಕೊಂಡಿರುತ್ತಿದ್ದವು ಎನ್ನುವುದೆಲ್ಲ ದರ್ಜಿಗೆ ಟೇಪು ಹಿಡಿದು ಗೊತ್ತಿತ್ತು. ಕನ್ನಡಿಯ ಮುಂದೆ ನಿಂತು ಮೇಷ್ಟ್ರ ಕೈಯನ್ನು ತನ್ನ ಭುಜಕ್ಕೆ ಹಾಕಿಕೊಂಡ. ಮೊದಮೊದಲು ಕೈ ನಾಟಕದ ಕೈಯಂತೆ ಕಾಣುತ್ತಿತ್ತು. ವಾರಗಳು ಉರುಳಿದ ಹಾಗೆ ಅದು ಜೋತುಬೀಳುವುದನ್ನು ಕಲಿಯಿತು.

ಬಚ್ಚಲಲ್ಲಿ ಜಾರಿ ಭುಜ ಊರಿ ಬಿದ್ದೆ, ಅಂದಿನಿಂದ ಕೈ ಏಳಲಿಲ್ಲ ಎಂದು ಅಕ್ಕಪಕ್ಕದಲ್ಲಿ ಹೇಳಿದ. ಹೊಸ ಅರ್ಜಿ ಹಾಕಿದ. ಹಗಲಲ್ಲಿ ಕೈಯನ್ನು ಹಳೆಯ ಪಂಚೆಯ ಜೋಲಿಯಲ್ಲಿ ಕಟ್ಟಿ, ಮನೆಯೊಳಗೆ ಒಬ್ಬನೇ ಇದ್ದಾಗಲೂ ಬಿಚ್ಚದೆ ಇಟ್ಟ. ಕೆಲಸವಿಲ್ಲದೆ ಮಣಿಕಟ್ಟು ಸೊರಗಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೋಡುತ್ತಾರೆಂದು ಅವನಿಗೆ ಗೊತ್ತಿತ್ತು. ತಾನೇ ಗುಂಡುಸೂಜಿಗಳನ್ನು ತಂದು, ಕಣ್ಣು ಮುಚ್ಚಿ ಬೆರಳುಗಳಿಗೆ ಚುಚ್ಚಿಕೊಂಡು, ರೆಪ್ಪೆ ಅಲುಗದಂತೆ ಅಭ್ಯಾಸ ಮಾಡಿದ. ಸೂಜಿಯ ಜೊತೆ ಸಂಸಾರ ಮಾಡಿದ ಬೆರಳುಗಳಿಗೆ ಅದು ಕಷ್ಟವೇನೂ ಆಗಲಿಲ್ಲ.

ಕಷ್ಟವಾದದ್ದು ಇನ್ನೊಂದು. ಮಲಗಿಸಿ, ಸತ್ತ ಕೈಯನ್ನು ಮುಖದ ಮೇಲೆ ಎತ್ತಿ ಬಿಟ್ಟುಬಿಡುತ್ತಾರಂತೆ. ನಿಜವಾಗಿ ಸತ್ತಿದ್ದರೆ ಅದು ಧೊಪ್ಪನೆ ಮುಖದ ಮೇಲೆ ಬೀಳುತ್ತದೆ, ಕಳ್ಳಕೈಯಾದರೆ ಮುಖ ತಪ್ಪಿಸಿ ಪಕ್ಕಕ್ಕೆ ಬೀಳುತ್ತದೆ. ಇದನ್ನು ಮೇಷ್ಟ್ರೇ ನಗುತ್ತಾ ಹೇಳಿದ್ದರು. ದರ್ಜಿ ಹಾಸಿಗೆಯ ಮೇಲೆ ಅಂಗಾತ ಮಲಗಿ, ಎಡಗೈಯಿಂದ ಬಲಗೈ ಎತ್ತಿ ಬಿಡತೊಡಗಿದ. ಕೈ ಹಟಮಾರಿ ಕತ್ತೆಯಂತೆ ಪಕ್ಕಕ್ಕೇ ಸರಿಯುತ್ತಿತ್ತು. ಅದು ನಿಯತ್ತಾಗಿ ಮೂಗಿನ ಮೇಲೇ ಬೀಳುವುದನ್ನು ಕಲಿಯುವ ಹೊತ್ತಿಗೆ ಮೂಗು ಊದಿ ಬದನೆಕಾಯಿಯಾಗಿತ್ತು.

"ರೀ, ನಿಮ್ಮ ದನಿ ಯಾಕೆ ಹಿಂಗಿದೆ?" ಎಂದಳು ಹೆಂಡತಿ ಫೋನಿನಲ್ಲಿ.

"ನೆಗಡಿ ಕಣೆ."

"ಕಾಲು ನೋಡ್ಕೊಂಡ್ರಾ?"

"ನೋಡ್ಕೊಂಡೆ."

"ಸುಳ್ಳು ಹೇಳ್ಬೇಡಿ. ನಿಮ್ಮ ಕಣ್ಣಿಗೆ ಏನ್ ಕಾಣುತ್ತೆ ಅಂತ ನಂಗೊತ್ತಿಲ್ವಾ? ಯಾರನ್ನಾದ್ರೂ ಕರೆದು ತೋರಿಸ್ರೀ. ನಿಮ್ಮ ದಮ್ಮಯ್ಯ."

"ನೀನು ಬರೋ ದಿನ ಹತ್ರ ಬಂತು ಸುಮ್ನಿರು" ಎಂದಷ್ಟೇ ಹೇಳಿ ಫೋನಿಟ್ಟ. ಅವಳಿಗೆ ಕೈಯ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಅತ್ತುಕೊಂಡು ಓಡಿಬರುತ್ತಿದ್ದಳು. ನಿಜ ತಿಳಿದರೆ ಉಗಿದು ಹೋಗುತ್ತಿದ್ದಳು. ಎರಡೂ ಅವನಿಗೆ ಬೇಕಿರಲಿಲ್ಲ. ಆದರೂ ಫೋನಿಟ್ಟ ಮೇಲೆ ಬಹಳ ಹೊತ್ತು ಅವನಿಗೆ ಮನಸ್ಸು ನೆಟ್ಟಗಿರಲಿಲ್ಲ.

ಸಿಕ್ಕಿಬೀಳುವವರು ದೊಡ್ಡದನ್ನು ಮರೆತು ಸಿಕ್ಕಿಬೀಳುವುದಿಲ್ಲ, ಸಣ್ಣದರಲ್ಲಿ ಸಿಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಣ್ಣದನ್ನೆಲ್ಲ ಹುಡುಕಿದ. ಬಲಗೈ ಸತ್ತವನು ಬಲಗೈಯ ಉಗುರು ಕತ್ತರಿಸಬಹುದು, ಎಡಗೈ ಇದೆಯಲ್ಲ. ಆದರೆ ಎಡಗೈಯ ಉಗುರು ಕತ್ತರಿಸುವವರು ಯಾರು? ಇದು ಹೊಳೆದ ದಿನ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಎಡಗೈಯ ಉಗುರುಗಳು ಉದ್ದವಾಗಿ, ಅಂಚು ಮುರಿದು, ಮಣ್ಣು ಹಿಡಿದವು. ಗಡ್ಡವನ್ನು ಎಡಗೈಯಲ್ಲೇ ಬೋಳಿಸಿಕೊಂಡು ಗಲ್ಲದ ಮೇಲೆ ಗೀರುಗಳಾದವು. ಅರ್ಜಿಯ ಕೆಳಗೆ ಎಡಗೈಯಲ್ಲಿ ಮಾಡಿದ ಸಹಿ ಕೋಳಿ ಕೆದರಿದ ಹಾಗಿತ್ತು. ಅಂಗಿಯ ಗುಂಡಿ ಹಾಕುವುದನ್ನೂ ಎಡಗೈ ಒಂದರಲ್ಲೇ ಕಲಿತ.

ತಪಾಸಣೆಯ ದಿನ ಬೆಳಿಗ್ಗೆ ಇದ್ದುದರಲ್ಲಿ ಒಳ್ಳೆಯ ತುಂಬುತೋಳಿನ ಅಂಗಿ ತೆಗೆದ. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ತಾನೇ ಹೊಲಿದುಕೊಂಡದ್ದು. ಹೆಗಲ ಮೇಲೆ ಒಂದು ಸುಕ್ಕಿಲ್ಲ. ಪಿಂಚಣಿ ಕೇಳಲು ಹೋಗುವವನಾದರೂ ದರ್ಜಿ ದರ್ಜಿಯೇ, ಭಿಕಾರಿಯಂತೆ ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಗುಂಡಿಗಳನ್ನೆಲ್ಲ ಹಾಕಿ, ಕಾಲರು ಸರಿಮಾಡಿ, ಕನ್ನಡಿಯಲ್ಲಿ ನೋಡಿಕೊಂಡ. ಬಲಭುಜವನ್ನು ಇಳಿಬಿಟ್ಟ. ಮೇಷ್ಟ್ರು ಎದುರಿಗೆ ನಿಂತಿದ್ದರು.

ತಪಾಸಣೆಗೆ ಇದ್ದವರು ಒಬ್ಬ ಡಾಕ್ಟರಮ್ಮ. ಕನ್ನಡಕವನ್ನು ನೆತ್ತಿಯ ಮೇಲೇರಿಸಿಕೊಂಡು, ನಿದ್ದೆಗೆಟ್ಟವರಂತೆ ಕೂತಿದ್ದರು.

"ಮೊದಲೇ ಹೇಳ್ಬಿಡ್ತೀನಿ ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ, ಎಲ್ಲರಿಗೂ ಹೇಳ್ಬೇಕು. ನೀವು ಹೇಳಿದ್ದರಲ್ಲಿ ಒಂದು ಸುಳ್ಳು ಸಿಕ್ಕರೂ ಅರ್ಜಿ ಪೂರ್ತಿ ರದ್ದಾಗುತ್ತೆ. ಮತ್ತೆ ಯಾವತ್ತೂ ಹಾಕೋ ಹಾಗಿಲ್ಲ."

"ಸುಳ್ಳು ಹೇಳಿ ನಾನೆಲ್ಲಿಗೆ ಹೋಗ್ಲಿ ತಾಯಿ?" ಎಂದ.

ರಕ್ತದೊತ್ತಡ ನೋಡಲು ಅವರು ಎಡಗೈ ಕೇಳಿದರು. ಅವನು ಚಾಚಿದ. "ಇರಿ, ನಾನೇ ತೆಗೀತೀನಿ" ಎಂದು ಅವರೇ ಅವನ ಅಂಗಿಯ ತೋಳು ಮಡಚಿದರು. ಉಗುರುಗಳನ್ನು ಕಂಡು ಒಂದು ಕ್ಷಣ ತಡೆದರು. ಅವನ ಎದೆ ಹಿಗ್ಗಿತು. ಉಸಿರಾಟ ಕೇಳಲು ಅಂಗಿ ಬಿಚ್ಚಿಸಿದರು. ಅವನು ಎದೆಯ ಗುಂಡಿಗಳನ್ನೂ ಬಲತೋಳಿನ ಗುಂಡಿಯನ್ನೂ ಎಡಗೈಯಲ್ಲಿ ತಡವುತ್ತಾ ಬಿಚ್ಚಿದ. ಮಲಗಿಸಿದರು. ಬಲಗೈಗೆ ಸೂಜಿ ಚುಚ್ಚಿದರು, ರೆಪ್ಪೆ ಅಲುಗಲಿಲ್ಲ. ಕೈಯನ್ನು ಮುಖದ ಮೇಲೆತ್ತಿ ಬಿಟ್ಟರು. ಅದು ಹೇಳಿ ಮಾಡಿಸಿದ ಹಾಗೆ ಬಂದು ಮೂಗಿನ ಮೇಲೆ ಬಿತ್ತು. "ಅಯ್ಯೋ, ಸಾರಿ" ಎಂದರು ಡಾಕ್ಟರಮ್ಮ. ನೋವಿನಿಂದ ಅವನ ಕಣ್ಣಲ್ಲಿ ನೀರು ಬಂತು. ಒಳಗೆ ಮಾತ್ರ ಹಬ್ಬವಾಗಿತ್ತು.

ಆಮೇಲೆ ಅವರು ಅವನ ಕಾಲ ಬಳಿ ಹೋಗಿ ಕೂತರು. ಚಿಮಟ ತೆಗೆದುಕೊಂಡು ಏನನ್ನೋ ಎಳೆದು, ಅವನ ಮುಖದ ಹತ್ತಿರ ತಂದು ಹಿಡಿದರು. ಒಂದು ಗುಂಡುಸೂಜಿ. ಅರ್ಧದವರೆಗೆ ಕಪ್ಪಾಗಿತ್ತು.

"ಇದು ನಿಮ್ಮ ಅಂಗಾಲಲ್ಲಿತ್ತು. ಸುತ್ತ ಕೀವಾಗಿದೆ. ಯಾವಾಗ ಚುಚ್ಚಿದ್ದು?"

ದರ್ಜಿಗೆ ತಕ್ಷಣ ಹೊಳೆಯಿತು. ಕೈಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡುವಾಗ ಬಿದ್ದ ಸೂಜಿ ಅದು. ನೋವಾಗುವ ಕೈಗೆ ನೋವಾಗುವುದಿಲ್ಲವೆಂದು ಪಾಠ ಹೇಳುತ್ತಾ ಅವನು ಅದರ ಮೇಲೇ ಓಡಾಡಿದ್ದ.

"ಗೊತ್ತಿಲ್ಲ ತಾಯಿ" ಎಂದ. ಅವತ್ತು ಅವನಾಡಿದ ಮೊದಲ ನಿಜ ಅದು.

"ಮನೇಲಿ ನಿಮ್ಮ ಕಾಲು ನೋಡೋರು ಯಾರೂ ಇಲ್ವಾ?"

"ಯಾರೂ ಇಲ್ಲ. ಹೆಂಡತಿ ಹೊಟ್ಟೆಪಾಡಿಗೆ ಬೇರೆ ಊರಲ್ಲಿದ್ದಾಳೆ."

"ಅಕ್ಕಪಕ್ಕದವರು? ಸ್ನಾನಕ್ಕೆ, ಬಟ್ಟೆ ಹಾಕೋದಕ್ಕೆ ಯಾರಾದ್ರೂ ಬರ್ತಾರಾ? ಇವತ್ತು ಬೆಳಿಗ್ಗೆ?"

"ಒಂದು ನರಪಿಳ್ಳೆ ಬರಲ್ಲಮ್ಮ. ಅವಳು ಹೋದಾಗಿಂದ ನನ್ನ ಮೈ ಮುಟ್ಟಿದೋರಿಲ್ಲ." ಹೇಳುತ್ತಾ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಇದನ್ನು ಅವನು ಅಭ್ಯಾಸ ಮಾಡಿರಲಿಲ್ಲ.

ಡಾಕ್ಟರಮ್ಮ ಗಾಯ ತೊಳೆದು ಕಟ್ಟು ಕಟ್ಟಿದರು. ಮೇಜಿಗೆ ಹೋಗಿ ಬರೆಯುತ್ತಲೇ ಹೇಳಿದರು. "ಹೋದ ಸಲ ನಿಮಗೆ ಅನ್ಯಾಯ ಆಗಿದೆ. ಈಗ ನಿಯಮ ಬದಲಾಯ್ತು, ಕಾಯಿಲೆಗಳನ್ನೆಲ್ಲಾ ಕೂಡಿಸಿ ನೋಡ್ತೀವಿ. ಕಣ್ಣು, ಕಾಲು, ಮಂಡಿ, ಉಸಿರು. ಅಷ್ಟೇ ಸಾಕು, ಗೆರೆ ದಾಟಿದ್ದೀರಿ. ಕೈ ವಿಷಯ ಬೇಕಾಗೇ ಇಲ್ಲ. ಹೆಂಡತಿನ ಕರೆಸ್ಕೊಳ್ಳಿ."

ದರ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಕಾಗೇ ಇರಲಿಲ್ಲ! ಊದಿದ ಮೂಗು, ಸೊರಗಿದ ಮಣಿಕಟ್ಟು, ಅಂಗಾಲಿನ ಕೀವು, ಎಲ್ಲಾ ನೀರಿನಲ್ಲಿ ಹೋಮ. ಕೈ ಸರಿಹೋಗ್ತಾ ಇದೆ ಎಂದುಬಿಡಲೇ ಎಂದು ಒಂದು ಗಳಿಗೆ ತುಟಿ ಅದುರಿತು. ಇಷ್ಟು ಬೇಗ ಸತ್ತ ಕೈ ಎದ್ದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದ. ಇನ್ನೇನು, ಅಂಗಿ ಹಾಕಿಕೊಂಡು ಹೊರಟರೆ ಮುಗಿಯಿತು. ಸಂಜೆ ಅವಳಿಗೆ ಫೋನು ಮಾಡಬೇಕು. ಬಾರೇ ಎನ್ನಬೇಕು. ಅಂಗಿಯೊಳಗೆ ತೋಳು ತೂರಿಸಿ, ಎಡಗೈಯಲ್ಲಿ ಎದೆಯ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಬಲತೋಳಿನ ಗುಂಡಿಯನ್ನೂ ಎಡಗೈಯಲ್ಲೇ ಹಾಕಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಮರುಕದಿಂದ ನೋಡುತ್ತಿದ್ದರು.

"ಅದೊಂದು ಉಳೀತಲ್ಲ, ತನ್ನಿ" ಎಂದು ಅವರು ಎದ್ದುಬಂದು, ಅವನ ಎಡತೋಳಿನ ಪಟ್ಟಿಯನ್ನು ಹಿಡಿದು ಗುಂಡಿ ಹಾಕತೊಡಗಿದರು. ಗುಂಡಿ ತೂರುವ ಕಾಜು ಬಿಗಿಯಾಗಿತ್ತು. ಅವನ ಹೊಲಿಗೆಯ ಪಟ್ಟಿ ಮಣಿಕಟ್ಟಿಗೆ ಬಳೆಯಂತೆ ಕೂರುತ್ತಿತ್ತು, ಗುಂಡಿ ಹಾಕಿದ್ದರೆ ಅದರೊಳಗೆ ಕೈ ತೂರುವ ಮಾತೇ ಇರಲಿಲ್ಲ. "ಎಷ್ಟು ಚೆನ್ನಾಗಿ ಹೊಲಿದಿದ್ದೀರಿ" ಎಂದರು ಅವರು. ಆಮೇಲೆ ಅವರ ಬೆರಳುಗಳು ಗುಂಡಿಯ ಮೇಲೆಯೇ ನಿಂತವು. ತಲೆ ಎತ್ತಿ ಮೊದಲು ಅವನ ಉದ್ದ ಉಗುರಿನ ಎಡಗೈಯನ್ನು ನೋಡಿದರು, ಆಮೇಲೆ ಜೋತುಬಿದ್ದ ಬಲಗೈಯನ್ನು. "ನೀವು ಬಂದಾಗ ಈ ಗುಂಡಿ ಹಾಕಿತ್ತು. ನಾನೇ ಬಿಚ್ಚಿದ್ದು" ಎಂದರು ನಿಧಾನವಾಗಿ. "ಎಡಗೈಯಿಂದ ಎಡಗೈ ಗುಂಡಿ ಹಾಕೋಕಾಗಲ್ಲ. ಬೆಳಿಗ್ಗೆ ಮನೇಲಿ ಯಾರೂ ಇರ್ಲಿಲ್ಲ ಅಂದ್ರಲ್ಲ, ಯಜಮಾನ್ರೇ?"