ಸೀಮೆಸುಣ್ಣದ ಗೆರೆ

"ಮೂಡಲ ಸೀಮೆಯವರಾ, ಪಡುವಲದವರಾ?"

ಬಾಗಿಲಲ್ಲಿ ನಿಂತ ಗಣತಿಯವನು ಕೇಳಿದ. ಮಗ್ಗದ ಮುಂದೆ ಕುಳಿತಿದ್ದ ನೇಕಾರನ ಮಗಳು ನೇಯುವುದನ್ನು ನಿಲ್ಲಿಸಿದಳು. ಎರಡು ಸೀಮೆಗಳ ನಡುವಿನ ಈ ಹಳ್ಳಿಗಳನ್ನು ಆ ಸೀಮೆಯವರು ಹಂಚಿಕೊಳ್ಳುತ್ತಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು.

"ಎರಡೂ ಅಲ್ಲ. ನಡುನಾಡಿನವರು."

"ಪುಸ್ತಕದಲ್ಲಿ ಎರಡೇ ಕಾಲಂ ಇರೋದು."

"ನಮ್ಮ ಮಾತು ಕೇಳಿ ಅವರೂ ನಗ್ತಾರೆ, ಇವರೂ ನಗ್ತಾರೆ. ಯಾವ ಕಾಲಂಗೆ ಹೋಗೋಣ ಹೇಳಿ?"

ಅವನು ನಗಲಿಲ್ಲ. ಅದೇ ಅವಳಿಗೆ ಹಿಡಿಸಿಬಿಟ್ಟಿತು! ಆಮೇಲೆ ತಪ್ಪು ತಿದ್ದುವ ನೆಪದಲ್ಲಿ ನಾಲ್ಕು ಸಲ ಬಂದ. ಒಂದೇ ಮನೆಯಲ್ಲಿ ಅಷ್ಟು ತಪ್ಪು ಎಲ್ಲಿಂದ ಬರಬೇಕು? ಅವಳಿಗೂ ಗೊತ್ತಿತ್ತು. ಕೇಳಲಿಲ್ಲ, ಅಷ್ಟೆ.

ಇವತ್ತು ಬೆಳಿಗ್ಗೆ ಬಾಗಿಲು ತೆರೆದವಳು ಊರಿನ ಕದಗಳನ್ನೆಲ್ಲ ನೋಡಿದಳು. ಮೂಡಲದವರೆಂದು ಬರೆಸಿದವರ ಕದದ ಮೇಲೆ ಸೀಮೆಸುಣ್ಣದ ಸೊನ್ನೆ, ಪಡುವಲದವರದಕ್ಕೆ ಇಂಟು ಗುರುತು. ನೇಕಾರರ ಬೀದಿಗೆ ಮಾತ್ರ ಒಂದೊಂದು ನೇರ ಗೆರೆ.

ಮಗ್ಗದ ಮನೆಯಲ್ಲಿ ಆ ಗೆರೆಗೆ ಒಂದೇ ಅರ್ಥ. ಬಟ್ಟೆಯನ್ನು ಇಲ್ಲಿ ಕತ್ತರಿಸು.

"ಮಗಳೇ, ಮಗ್ಗ ಬಿಚ್ಚು. ಊರಿಂದ ಎಬ್ಬಿಸ್ತಾರೆ ನಮ್ಮನ್ನ," ಎಂದ ಅಪ್ಪ.

'ಆ ಗಣತಿಯವನೇ ಗೆರೆ ಎಳೆದನಲ್ಲ... ನಮ್ಮ ಹೆಸರು ಬರೆದ ಅದೇ ಕೈಯಿಂದ!'

ಅವಳು ಗಣತಿಯವರು ಇಳಿದುಕೊಂಡಿದ್ದ ಶಾಲೆಗೆ ಓಡಿದಳು.

"ನಮ್ಮ ಬೀದಿನೇ ಕತ್ತರಿಸಿ ಹಾಕೋಕೆ ಗೆರೆ ಎಳೆದ್ರಾ?"

"ಕತ್ತರಿಸೋದಾ?" ಅವನು ತಬ್ಬಿಬ್ಬಾದ. ಮಗ್ಗದ ಮನೆಯಲ್ಲಿ ಆ ಗೆರೆಗಿರುವ ಅರ್ಥವನ್ನು ಅವಳು ಹೇಳಿದಾಗ ಅವನ ಮುಖ ಬಿಳುಚಿತು. "ಅಯ್ಯೋ, ನನಗೆ ಕೊಟ್ಟಿದ್ದು ಎರಡೇ ಗುರುತು. ಮೂರನೆಯದು ನಾನೇ ಮಾಡ್ಕೊಂಡೆ."

ಪುಸ್ತಕ ತೆರೆದು ತೋರಿಸಿದ. ಅಂಚಿನಲ್ಲಿ ಕೈಯಿಂದ ಎಳೆದ ಇನ್ನೊಂದು ಕಾಲಂ. ಮೇಲೆ, ಶಾಯಿಯಲ್ಲಿ, ನಡುನಾಡು. ಕೆಳಗೆ ನಲವತ್ತೊಂದು ಮನೆ. ಮೊದಲನೆಯದು ಅವಳದು.

ಅವಳ ಕಣ್ಣು ತುಂಬಿ ಬಂತು.

"ನಿಮ್ಮ ಸಾಹೇಬರು ಒಪ್ತಾರಾ?"

"ಗೊತ್ತಿಲ್ಲ. ನಾಳೆ ಪುಸ್ತಕ ಒಪ್ಪಿಸ್ಬೇಕು. ಅಳಿಸು ಅಂದ್ರೆ ಅಳಿಸಲ್ಲ. ಕೆಲಸ ಹೋಗ್ಬಹುದು... ನನಗೂ ಭಯ ಇದೆ."

"ಇದೆಲ್ಲ ಯಾಕೆ ಮಾಡಿದ್ರಿ?"

"ನಾಲ್ಕು ಸಲ ಯಾಕೆ ಬಂದೆ ಅಂತ ನೀವು ಕೇಳಲೇ ಇಲ್ಲ. ನೀವಂದ್ರೆ ನನಗೆ ಅಷ್ಟು ಇಷ್ಟ."

ಅವಳು ಪುಸ್ತಕದ ಕಾಲಂಗಳ ಮೇಲೆ ಬೆರಳಾಡಿಸಿದಳು.

"ನಿಮ್ಮ ಹೆಸರು ಯಾವ ಕಾಲಂನಲ್ಲಿದೆ?"

"ಹುಟ್ಟಿದ್ದು ಮೂಡಲದಲ್ಲಿ. ಇನ್ನೂ ಬರ್ಕೊಂಡಿಲ್ಲ."

"ನಮ್ಮನೆ ಕೆಳಗೆ ಜಾಗ ಇದೆ. ಬರ್ಕೊಳ್ಳಿ."

ಅವನು ಬರೆದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು.

"ನಿಮ್ಮ ಭಯ ಹೋಯ್ತಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ. ನಾಳೆ ನಾನೂ ಬರ್ತೀನಿ. ಇಬ್ರೂ ಒಟ್ಟಿಗೆ ಹೆದರೋಣ."